ಬೀರು ಮೇಯರ್ ಆಗಿರುವ ದ್ವೀಪ

ಒಂದು ವಸ್ತು ಇಷ್ಟವಾದರೆ ಅದನ್ನು ಸುಮ್ಮನೆ ಇಷ್ಟಪಟ್ಟುಕೊಂಡು ತಮ್ಮ ಪಾಡಿಗೆ ತಾವಿರುವ ಜನ ಇರುತ್ತಾರೆ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಹಾಗೆ ಬರುವುದಿಲ್ಲ. ಇಷ್ಟವಾದ ಮರುಗಳಿಗೆಯಿಂದ ಯಾರ ಹತ್ತಿರ ಹೇಳಲಿ, ಯಾರಿಗೆ ತೋರಿಸಲಿ, ಯಾರ ತೋಳು ಹಿಡಿದು ನಿಲ್ಲಿಸಲಿ ಎಂದು ಒಳಗೆ ಚಡಪಡಿಕೆ ಶುರುವಾಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ಹಗ್ಗಕ್ಕೆ ಬಗೆಬಗೆಯ ಗಂಟು ಹಾಕುವುದನ್ನು ಕಲಿಸುವ ಪುಸ್ತಕ ಕೈಗೆ ಸಿಕ್ಕಿತ್ತು. ಎರಡು ತಿಂಗಳಲ್ಲಿ ನಮ್ಮ ಮೈಸೂರಿನ ಮನೆಯ ಬಟ್ಟೆ ಒಣಗಿಸುವ ಹಗ್ಗ, ಹಾಸಿಗೆ ಸುತ್ತುವ ಹಗ್ಗ, ಕೊನೆಗೆ ಅಪ್ಪನ ಪೈಜಾಮದ ಲಾಡಿ ಕೂಡ ಯಾರಿಂದಲೂ ಬಿಚ್ಚಲಾಗದ ಸ್ಥಿತಿಗೆ ಬಂದಿದ್ದವು. "ಇವನಿಗೆ ಯಾವ್ದೂ ಅರ್ಧಂಬರ್ಧ ಹಿಡಿಯಲ್ಲ ಕಣ್ರೀ, ಹಿಡಿದ್ರೆ ಪೂರ್ತಿ ಹಿಡಿಯತ್ತೆ" ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು, ದೆವ್ವದ ವಿಷಯ ಹೇಳುವ ದನಿಯಲ್ಲಿ. ಅವತ್ತೇ ಅವಳ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ಇವತ್ತು ಇದನ್ನು ಬರೆಯುವ ಪರಿಸ್ಥಿತಿ ಬರುತ್ತಿರಲಿಲ್ಲ.

ಕೆನಡಾಕ್ಕೆ ಬಂದ ಮೇಲೆ ನನ್ನನ್ನು ಪೂರ್ತಿ ಹಿಡಿದದ್ದು ಒಂದು ಬ್ರಿಟಿಷ್ ಹಾಸ್ಯ ಧಾರಾವಾಹಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನೋಡುತ್ತೀರಿ, ನೋಡಿ ಹೇಗಿತ್ತು ಅಂತ ನನಗೆ ತಿಳಿಸುವವರೆಗೂ ನನಗೆ ಅನ್ನ ಸೇರುವುದಿಲ್ಲ. ಬ್ರಿಟನ್ನಿನ ತೀರದಾಚೆ ಎಲ್ಲೋ ಇರುವ, ಅಂದರೆ ಎಲ್ಲೂ ಇಲ್ಲದ, ಒಂದು ದ್ವೀಪದ ಕಥೆ. ಆ ದ್ವೀಪದ ಮೇಯರ್ ಒಂದು ಬೀರು. ಮರದ್ದು, ಎರಡು ಬಾಗಿಲಿನದು. ಮೂರು ಚುನಾವಣೆ ಗೆದ್ದಿದೆ. ಅಲ್ಲಿನ ಲೈಬ್ರರಿಯಲ್ಲಿ ಪುಸ್ತಕಗಳಿಲ್ಲ, ಚಿಕ್ಕಮ್ಮಂದಿರಿದ್ದಾರೆ. ಕಾರ್ಡು ತೋರಿಸಿದರೆ ಹದಿನಾಲ್ಕು ದಿನದ ಮಟ್ಟಿಗೆ ಒಬ್ಬ ಚಿಕ್ಕಮ್ಮನನ್ನು ಮನೆಗೆ ಕರೆದುಕೊಂಡು ಹೋಗಬಹುದು. ಇರುವ ಒಬ್ಬನೇ ಪೊಲೀಸಿನವನು ಮನುಷ್ಯರನ್ನು ಹಿಡಿಯುವುದಿಲ್ಲ, ಮಂಜನ್ನು ಹಿಡಿಯುತ್ತಾನೆ. ಬಾಟಲಿಗೆ ತುಂಬಿ ಲಾಕಪ್ಪಿನಲ್ಲಿಟ್ಟು, ಬುದ್ಧಿ ಹೇಳಿ ಬಿಟ್ಟುಕಳಿಸುತ್ತಾನೆ. ಬುಧವಾರ ಸಮುದ್ರಕ್ಕೆ ರಜೆ. ಇದನ್ನೆಲ್ಲ ಅಲ್ಲಿ ಯಾರೂ ನಗುತ್ತಾ ಹೇಳುವುದಿಲ್ಲ. ರೇಷನ್ ಕಾರ್ಡಿನ ವಿಷಯ ಮಾತಾಡುವಷ್ಟು ಗಂಭೀರವಾಗಿ ಮಾತಾಡುತ್ತಾರೆ. ಅದೇ ಅದರ ಮಜಾ. ಮುಖದ ಮೇಲೆ ಒಂದು ಗೆರೆ ಕೂಡ ಅಲುಗಾಡಬಾರದು.

ನಾನು ಇರುವುದು ಜಾರ್ಜ್‌ಟೌನಿನ ಒಂದು ಬೇಸ್‌ಮೆಂಟಿನಲ್ಲಿ. ಕೆಲಸ ರೆಕ್ಸ್‌ಡೇಲಿನ ಒಂದು ಫ್ಯಾಕ್ಟರಿಯಲ್ಲಿ, ಡಬ್ಬಿಗಳ ಮೇಲೆ ಲೇಬಲ್ ನೆಟ್ಟಗೆ ಅಂಟಿದೆಯೋ ಇಲ್ಲವೋ ನೋಡುವುದು. ಹೋಗುವಾಗ ರೈಲು, ಬರುವಾಗ ರೈಲು, ಎರಡೂ ಕಡೆ ಕಿವಿಯಲ್ಲಿ ಆ ದ್ವೀಪ. ಒಂದೆರಡು ಸಲ ನೋಡಿದ್ದು ಸಾಲದೆ ಕನ್ನಡದಲ್ಲಿ ಸಬ್‌ಟೈಟಲ್ ಬರೆಯಲು ಕೂತೆ. ಯಾರಾದರೂ ಕೇಳಿದ್ದರಾ? ಇಲ್ಲ. ನನಗೆ ಸಬ್‌ಟೈಟಲ್ ಮಾಡಲು ಬರುತ್ತಿತ್ತಾ? ಅದೂ ಇಲ್ಲ. ವಿಡಿಯೋಗಳನ್ನು ನೋಡಿ ನೋಡಿ ನಾನೇ ಕಲಿತೆ, ಕನ್ನಡ ಟೈಪಿಂಗೂ ಹಾಗೇ ಕಲಿತೆ. "ಗೌರವಾನ್ವಿತ ಬೀರುಗಳೇ" ಎನ್ನುವುದೋ "ಬೀರು ಅವರೇ" ಎನ್ನುವುದೋ ತೀರ್ಮಾನವಾಗದೆ ಒಂದು ವಾರ ಒದ್ದಾಡಿದ್ದೇನೆ. ಆ ದ್ವೀಪದ ಬಾವುಟದಲ್ಲಿ ಬೀರುವಿನ ಚಿತ್ರ ಇದೆ. ಅದನ್ನು ಕಿತ್ತಳೆ ಬಣ್ಣದ ಉಲ್ಲನ್ ಟೋಪಿಯ ಮೇಲೆ ನಾನೇ ಸೂಜಿ ದಾರ ಹಿಡಿದು ಹೊಲಿದುಕೊಂಡಿದ್ದೆ. ದೂರದಿಂದ ನೋಡಿದರೆ ಫ್ರಿಜ್ಜಿನ ತರ ಕಾಣುತ್ತದೆ, ಆ ಮಾತು ಬೇರೆ.

ನಮ್ಮ ಕಡೆಯ ಕನ್ನಡದವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ರೆಕ್ಸ್‌ಡೇಲಿನ ಒಂದು ಹಾಲಿನಲ್ಲಿ ಸೇರುತ್ತೇವೆ. ಹೆಚ್ಚಿನವರು ರಿಟೈರಾದ ಡಾಕ್ಟರು, ಇಂಜಿನಿಯರು, ಪ್ರೊಫೆಸರು. ಉಪ್ಪಿಟ್ಟು ಕೇಸರಿಬಾತಿನ ನಂತರ "ನಾ ಕಂಡ ಊರು" ಎಂಬ ಕಾರ್ಯಕ್ರಮ. ಪ್ರತಿ ತಿಂಗಳೂ ಒಬ್ಬರು ತಾವು ನೋಡಿಬಂದ ಊರಿನ ಬಗ್ಗೆ ಹೇಳಬೇಕು. ಹಡಗಲ್ಲಿ ಅಲಾಸ್ಕಾಕ್ಕೆ ಹೋಗಿ ಬಂದವರು ನೂರೈವತ್ತು ಫೋಟೋ ತೋರಿಸಿದ್ದರು, ಅದರಲ್ಲಿ ನೂರು ಹಡಗಿನ ಊಟದ್ದು. ಇದನ್ನೆಲ್ಲ ನಡೆಸುವವರು ಕಾರ್ಯದರ್ಶಿ ವಿಮಲಾ ಆಂಟಿ, ಉಡುಪಿ ಕಡೆಯವರು. ಆಗಸ್ಟಿನಲ್ಲಿ ಫೋನ್ ಮಾಡಿ, "ಈ ಸಲ ನಿನ್ನ ಪಾಳಿ ಮಾರಾಯ. ಎಂತಾದ್ರೂ ಒಂದು ಊರು ನೋಡಿದ್ದಿಯಲ್ಲ, ಅದನ್ನೇ ಹೇಳು" ಎಂದರು. ನಾನು ನೋಡಿದ್ದ ಊರು ಅಂದರೆ ರೈಲಿನ ಕಿಟಕಿಯಿಂದ ಕಾಣುವ ಗೋಡೌನುಗಳು. ಹೂಂ ಅಂದೆ. ಫೋನ್ ಇಡುವಷ್ಟರಲ್ಲಿ ತಲೆಯೊಳಗೆ ದೀಪ ಹತ್ತಿಕೊಂಡಿತು: ದ್ವೀಪ!

ನನ್ನ ಪ್ಲ್ಯಾನು ಸರಳವಾಗಿತ್ತು. ಆ ದ್ವೀಪಕ್ಕೆ ನಾನೇ ಹೋಗಿಬಂದವನ ಹಾಗೆ, ಮುಖದ ಗೆರೆ ಅಲುಗದ ಹಾಗೆ ಹತ್ತು ನಿಮಿಷ ಮಾತಾಡುವುದು. ಜನ ತಬ್ಬಿಬ್ಬಾಗಿ ಒಬ್ಬರ ಮುಖ ಒಬ್ಬರು ನೋಡುವ ಹೊತ್ತಿಗೆ ಪರದೆಯ ಮೇಲೆ ಐದು ನಿಮಿಷದ ತುಣುಕು ಹಾಕುವುದು, ನನ್ನ ಸಬ್‌ಟೈಟಲ್ ಸಮೇತ. ಆಗ ಗುಟ್ಟು ರಟ್ಟಾಗಿ ಹಾಲಿಗೆ ಹಾಲೇ ನಗುವುದು. ಮಾತೇನೋ ಸರಿಯಾಗಿಯೇ ಆಯಿತು. ಕೈ ಮಾತ್ರ ಗಡಗಡ ನಡುಗುತ್ತಿತ್ತು, ನಾನು ಸ್ಟೇಜ್ ಹತ್ತಿದರೆ ಹಾಗೇ. "ನನ್ನ ಮನೆ ಇರೋದೇ ಅಲ್ಲಿ, ಜಾರ್ಜ್‌ಟೌನಿಗೆ ಸುಮ್ನೆ ಬಂದು ಹೋಗ್ತಿರ್ತೀನಿ" ಎಂಬ ಜೋಕಿನಿಂದ ಮುಗಿಸಿದೆ. ತುಣುಕು ಹಾಕಲು ಹೋದರೆ ಪ್ರೊಜೆಕ್ಟರಿನ ಕೇಬಲ್ಲು ನನ್ನ ಲ್ಯಾಪ್‌ಟಾಪಿಗೆ ಕೂರಲಿಲ್ಲ. ತಿರುಗಿಸಿ ನೋಡಿದೆ, ಊದಿ ನೋಡಿದೆ. "ಇರ್ಲಿ ಬಿಡು ಮಾರಾಯ, ಮಾತಲ್ಲೇ ಕಣ್ಣಿಗೆ ಕಟ್ಟಿದ ಹಾಗೆ ಹೇಳಿದ್ದಿ" ಎಂದು ವಿಮಲಾ ಆಂಟಿ ಮೈಕು ತೆಗೆದುಕೊಂಡುಬಿಟ್ಟರು.

ಯಾರೂ ನಕ್ಕಿರಲಿಲ್ಲ. ನಾನು ಮಾಡಿದ್ದು ಹಾಸ್ಯ ಎಂದು ಆ ಹಾಲಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಆಮೇಲೆ ಯೋಚಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ನಲವತ್ತು ವರ್ಷದಿಂದ ಈ ದೇಶದಲ್ಲಿರುವವರು ಅವರು. ಇಲ್ಲಿ ಫೆಬ್ರವರಿಯಲ್ಲಿ ಹೆಗ್ಗಣದಂಥ ಒಂದು ಪ್ರಾಣಿಯನ್ನು ಬಿಲದಿಂದ ಎಬ್ಬಿಸಿ, ಚಳಿ ಇನ್ನೆಷ್ಟು ದಿನ ಸ್ವಾಮಿ ಎಂದು ಕೇಳುತ್ತಾರೆ. ಸೂಟು ಹಾಕಿದ ದೊಡ್ಡ ಮನುಷ್ಯರು ಬಗ್ಗಿ ಅದರ ಉತ್ತರ ಕೇಳಿಸಿಕೊಳ್ಳುವುದನ್ನು ಟಿವಿಯಲ್ಲಿ ತೋರಿಸುತ್ತಾರೆ. ವರ್ಷಕ್ಕೆ ಎರಡು ಸಲ ಇಡೀ ದೇಶ ಎದ್ದು ಗಡಿಯಾರದ ಮುಳ್ಳು ತಿರುಗಿಸುತ್ತದೆ. ಬಂದ ಹೊಸದರಲ್ಲಿ ಅವರೂ ಬೆರಗಾಗಿದ್ದಿರಬೇಕು. ಆಮೇಲೆ, ಬಿಳಿಯರು ಏನು ಮಾಡಿದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಕೇಳಿ ದಡ್ಡರಾಗುವುದು ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಬೀರು ಮೇಯರ್ ಆದರೆ ಆಗಲಿ. ಚಿಕ್ಕಮ್ಮಂದಿರ ಲೈಬ್ರರಿಯ ವಿಷಯ ಬಂದಾಗಲಂತೂ ಹಿಂದಿನ ಸಾಲಿನಲ್ಲಿ ಯಾರೋ, "ಒಳ್ಳೇ ಸಿಸ್ಟಮ್ಮು, ಇಲ್ಲೂ ಮಾಡ್ಬೇಕಿತ್ತು" ಎಂದರು.

ಎದ್ದು ನಿಂತವರು ಒಬ್ಬರೇ, ಬಸವಂತಪ್ಪ ಅಂಕಲ್. ಧಾರವಾಡದ ಕಡೆಯವರು, ಇಲ್ಲಿ ಸೇತುವೆ ಕಟ್ಟಿಸಿ ರಿಟೈರಾದ ಇಂಜಿನಿಯರು. "ತಮ್ಮಾ, ಎಲ್ಲಾ ಖರೇ. ಬೀರೂನ್ನ ಮೇಯರ್ ಮಾಡಿದ್ರ ಫೈಲಿಗೆ ಸಹಿ ಹೆಂಗ ಹಾಕತೈತಿ ಅದು?"

ಉತ್ತರ ನನಗೆ ಬಾಯಿಪಾಠ. "ಫೈಲನ್ನ ಒಳಗಿಟ್ಟು ಬಾಗಿಲು ಹಾಕ್ತಾರೆ ಅಂಕಲ್. ಬೆಳಿಗ್ಗೆ ಬಾಗಿಲು ತಾನಾಗೇ ತೆರೆದಿದ್ರೆ ಮಂಜೂರು ಅಂತ."

"ಹಂಗಾದ್ರ ಛಲೋ ಐತಿ. ನಾ ಊರಾಗ ಇದ್ದ ಆಫೀಸಿನ್ಯಾಗೂ ಫೈಲು ಬೀರೂದಾಗ ಹೋಗ್ತಿತ್ತು, ಬಾಗಿಲಾನ ತೆರೀತಿರಲಿಲ್ಲ." ಈಗ ಎಲ್ಲರೂ ನಕ್ಕರು, ನನ್ನ ಜೋಕಿಗಲ್ಲ, ಅವರದಕ್ಕೆ. ಅವರು ಬಿಡಲಿಲ್ಲ. "ಅಕ್ಷಾಂಶ ರೇಖಾಂಶ ಏನರೆ ಹೇಳು. ಫೋನಿನ್ಯಾಗ ನೋಡೇ ಬಿಡೂಣು" ಎಂದು ಕನ್ನಡಕ ಹಣೆಗೇರಿಸಿ ಜೇಬಿನಿಂದ ಫೋನ್ ತೆಗೆದರು. ಇದೇ ಸಮಯ, ಇದು ಬರೀ ಟಿವಿ ಕಥೆ ಎಂದು ಹೇಳಿ ಮುಗಿಸಿಬಿಡೋಣ ಎಂದು ಬಾಯಿ ತೆರೆದೆ.

"ಮ್ಯಾಪಲ್ಲಿ ಹುಡುಕ್ಬೇಡಿ ಬಸವಂತಪ್ಪ, ಸಿಗಲ್ಲ. ತುಂಬಾ ಚಿಕ್ಕ ದ್ವೀಪ" ಎಂಬ ದನಿ ಮೊದಲ ಸಾಲಿನಿಂದ ಬಂತು. "ನಾನು ಹೋಗಿದ್ದೀನಿ."

ಡಾಕ್ಟರ್ ನರಹರಿ ಅಂಕಲ್! ನಮ್ಮ ಹಾಲಿನಲ್ಲಿ ಅವರ ಮಾತಿಗೆ ಎದುರಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಜುಬ್ಬ, ಮೆಲ್ಲನೆಯ ದನಿ. ಕಾರ್ಯಕ್ರಮ ಮುಗಿದ ಮೇಲೆ ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು ಎಲ್ಲ ಅವರನ್ನೇ ಸುತ್ತಿಕೊಂಡಿರುತ್ತಾರೆ. "ಎಪ್ಪತ್ತರ ದಶಕದಲ್ಲಿ ನಾನು ಇಂಗ್ಲೆಂಡಲ್ಲಿ ಇದ್ದಾಗ ಮೂರು ತಿಂಗಳು ಅಲ್ಲಿ ಡ್ಯೂಟಿ ಹಾಕಿದ್ರು. ಈ ಹುಡುಗ ಹೇಳೋದೆಲ್ಲ ಸರಿಯಾಗಿದೆ. ಒಂದು ಸಲ ಆ ಮೇಯರ್‌ಗೆ ಗೆದ್ದಲು ಹಿಡಿದಿತ್ತು. ಔಷಧಿ ಹೊಡೆದೋನು ನಾನೇ."

ಚಪ್ಪಾಳೆ ಬಿತ್ತು. ಬಸವಂತಪ್ಪ ಅಂಕಲ್ ಫೋನ್ ಜೇಬಿಗೆ ಹಾಕಿಕೊಂಡು ಕೂತರು. ನಾನು ಮೈಕಿನ ಕಂಬ ಹಿಡಿದುಕೊಂಡು ನಿಂತಿದ್ದೆ.

ಆ ಸಂಜೆ ರೈಲಿನಲ್ಲಿ ಮೊದಲ ಬಾರಿಗೆ ಕಿವಿಗೆ ಏನೂ ಹಾಕಿಕೊಳ್ಳದೆ ಕೂತು ಯೋಚಿಸಿದೆ. ಇಷ್ಟು ದೊಡ್ಡ ಮನುಷ್ಯರು, ಇಲ್ಲದ ದ್ವೀಪಕ್ಕೆ ಹೋಗಿದ್ದೆ ಎನ್ನುತ್ತಿದ್ದಾರೆ. ಸುಳ್ಳು ಹೇಳುವವರಲ್ಲ. ಹಾಗಾದರೆ ಉಳಿದದ್ದು ಒಂದೇ. ನನ್ನ ತಾತನಿಗೂ ಹೀಗೇ ಶುರುವಾಗಿತ್ತು. ಕೊಡಗಿಗೆ ಕಾಲಿಡದವರು ಒಂದು ದಿನ ಕಾಫಿ ಕುಡಿಯುತ್ತಾ, ನಾನು ಮಡಿಕೇರಿಯಲ್ಲಿ ತಹಸೀಲ್ದಾರನಾಗಿದ್ದಾಗ ಎಂದು ಶುರು ಮಾಡಿದರು. ಅಜ್ಜಿ ತಲೆ ತಗ್ಗಿಸಿ ಎದ್ದು ಹೋದರು. ಒಂದು ವರ್ಷದಲ್ಲಿ ತಾತನಿಗೆ ಅಜ್ಜಿಯ ಹೆಸರೂ ಮರೆತಿತ್ತು. ನಿಜ ಹೇಳಿದರೆ ಅಷ್ಟು ಜನರೆದುರು ಡಾಕ್ಟರ್ ಅಂಕಲ್ ಮಾನ ಹೋಗುತ್ತದೆ, ಅವರ ತಲೆಗೆ ಮರೆವು ಹತ್ತಿದೆ ಎಂದು ನಾನೇ ಮೈಕಿನಲ್ಲಿ ಘೋಷಿಸಿದ ಹಾಗಾಗುತ್ತದೆ. ಹೇಳದಿದ್ದರೆ ಅವರು ಆ ದ್ವೀಪವನ್ನು ಇನ್ನಷ್ಟು ಗಟ್ಟಿಯಾಗಿ ನಂಬುತ್ತಾರೆ. ಆ ಮರೆವಿಗೆ ಗೊಬ್ಬರ ಹಾಕಿದವನು ನಾನೇ. "ಅಂಕಲ್, ಒಂದು ವಿಷ್ಯ" ಎಂದು ವಾಟ್ಸಾಪಿನಲ್ಲಿ ಟೈಪ್ ಮಾಡಿ ಅಳಿಸಿದೆ. "ಅಂಕಲ್, ನಮಸ್ಕಾರ" ಎಂದು ಟೈಪ್ ಮಾಡಿದೆ. ಅದನ್ನೂ ಅಳಿಸಿದೆ. ಕೊನೆಗೆ ಗಾಬರಿಯಲ್ಲಿ ಹೋಗಿದ್ದು ಒಂದು ಹೂವಿನ ಚಿತ್ರ.

ಎರಡೇ ನಿಮಿಷದಲ್ಲಿ ಉತ್ತರ ಬಂತು: "ಶನಿವಾರ ಮನೆಗೆ ಊಟಕ್ಕೆ ಬಾ. ದ್ವೀಪದ ವಿಷಯ ಮಾತಾಡೋಣ."

ಅವರ ಮನೆ ವುಡ್‌ಬ್ರಿಡ್ಜಿನಲ್ಲಿ. ಹೆಂಡತಿ ಸುಶೀಲಾ ಆಂಟಿ ಬಾಗಿಲು ತೆರೆದವರೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಟೋಪಿ ತೆಗೀತೀಯಾ, ಇಲ್ಲಾ ಹಾಕ್ಕೊಂಡೇ ಇದ್ರೆ ನಿನಗೆ ಸಮಾಧಾನಾನಾ?" ಎಂದು ಬಹಳ ಮೃದುವಾಗಿ ಕೇಳಿದರು. ಹುಳಿ, ಪಲ್ಯ, ಗೊಜ್ಜು, ಹಪ್ಪಳ. ಊಟದ ಮಧ್ಯೆ ಡಾಕ್ಟರ್ ಅಂಕಲ್ ಇದ್ದಕ್ಕಿದ್ದ ಹಾಗೆ, "ಇವತ್ತು ತಾರೀಕು ಎಷ್ಟಪ್ಪಾ?" ಎಂದರು. ಹೇಳಿದೆ. "ಯಾವ ವಾರ?" ಹೇಳಿದೆ. "ಈಗ ಈ ದೇಶದ ಪ್ರಧಾನಿ ಯಾರು?" ಅಯ್ಯೋ ದೇವರೇ, ಇಷ್ಟು ಮುಂದುವರಿದಿದೆಯಾ ಎಂದುಕೊಂಡು ಅದನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ, ಅವರಿಗೆ ನೋವಾಗದ ಹಾಗೆ ಹೇಳಿದೆ. ಅವರು ತಲೆಯಾಡಿಸಿದರು, ಪಾಪ, ಈಗ ನೆನಪಾದವರ ಹಾಗೆ.

"ನೂರರಿಂದ ಏಳೇಳು ಕಳೀತಾ ಹೋಗು ನೋಡೋಣ."

ಮೆದುಳಿಗೆ ವ್ಯಾಯಾಮ ಮಾಡಿಕೊಳ್ಳುತ್ತಿದ್ದಾರೆ, ಜೊತೆ ಕೊಡೋಣ ಎಂದು ಶುರು ಮಾಡಿದೆ. "ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು..." ನನ್ನ ಗಮನವೆಲ್ಲ ಅವರ ಮುಖದ ಮೇಲೆ. "ಎಪ್ಪತ್ತೊಂದು. ಅಲ್ಲ, ಎಪ್ಪತ್ಮೂರು. ಅಲ್ಲ..." ಡಾಕ್ಟರ್ ಅಂಕಲ್ ಹೆಂಡತಿಯ ಕಡೆ ನೋಡಿದರು. ಆಂಟಿ ಸದ್ದಿಲ್ಲದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು.

ಪಾತ್ರೆ ತೊಳೆಯಲು ಸಹಾಯ ಮಾಡುವ ನೆಪದಲ್ಲಿ ನಾನು ಅಡುಗೆಮನೆಗೆ ಹೋದೆ. ಆಂಟಿಗೆ ವಿಷಯ ಗೊತ್ತಿದೆಯೋ ಇಲ್ಲವೋ, ಗೊತ್ತಿಲ್ಲದಿದ್ದರೆ ಹೇಗೆ ಹೇಳುವುದು ಎಂದು ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೆ. ಅವರೇ ನಲ್ಲಿ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು, "ಈ ದ್ವೀಪದ ವಿಷ್ಯ... ಯಾವಾಗಿಂದ ಹೀಗೆ?"

ಅಬ್ಬಾ, ಗೊತ್ತಿದೆ! "ಆ ಮೀಟಿಂಗ್ ದಿನಾನೇ ಆಂಟಿ ನನ್ನ ಗಮನಕ್ಕೆ ಬಂದಿದ್ದು" ಎಂದೆ. "ಅದಕ್ಕೂ ಮೊದಲಿಂದ ಇತ್ತೋ ಏನೋ, ನನಗೆ ತಿಳೀದು."

"ಹೂಂ. ಅವರಿಗೇ ಗೊತ್ತಾಗಲ್ಲಪ್ಪ, ಪಾಪ. ರಾತ್ರಿ ನಿದ್ದೆ ಬರತ್ತಾ?"

ಗಂಡನ ನಿದ್ದೆಯ ವಿಷಯ ನನ್ನನ್ನು ಯಾಕೆ ಕೇಳುತ್ತಿದ್ದಾರೆ ಎಂದು ಆಶ್ಚರ್ಯವಾಯಿತು. ದುಃಖದಲ್ಲಿರುವವರು ಏನೇನೋ ಕೇಳುತ್ತಾರೆ ಎಂದುಕೊಂಡು, "ಬರಬಹುದು ಆಂಟಿ" ಎಂದೆ.

"ಹೆದರ್ಕೋಬೇಡ. ಶುರುವಲ್ಲೇ ಗೊತ್ತಾಗಿದೆ. ಪ್ರೀತಿಯಿಂದ ನೋಡ್ಕೊಂಡ್ರೆ ಎಲ್ಲ ಸರಿಹೋಗತ್ತೆ. ಎದುರು ಮಾತಾಡ್ಬಾರ್ದು ಅಷ್ಟೇ, ಹೂಂ ಹೂಂ ಅಂತಿರ್ಬೇಕು."

"ನೀವೂ ಧೈರ್ಯವಾಗಿರಿ ಆಂಟಿ" ಎಂದೆ. ಅವರಿಗೆ ಕಣ್ಣು ತುಂಬಿ ಬಂತು. ಸೋಪಿನ ಕೈಯಲ್ಲೇ ನನ್ನ ಬೆನ್ನು ತಟ್ಟಿದರು. ಶರ್ಟಿನ ಮೇಲೆ ಐದು ಬೆರಳು ಮೂಡಿದವು.

ಅಲ್ಲಿಂದ ನಾಲ್ಕು ಶನಿವಾರ ಸತತವಾಗಿ ಹೋದೆ. ಆಂಟಿ ಹೇಳಿದಂತೆ ಹೂಂ ಹೂಂ ಎಂದೆ. ಅಂಕಲ್ ಮಂಜು ಹಿಡಿಯುವ ಪೊಲೀಸಿನವನ ಜೊತೆ ಚದುರಂಗ ಆಡಿದ್ದನ್ನು ಹೇಳಿದರು. ಹೂಂ ಎಂದೆ. ಲೈಬ್ರರಿಯಿಂದ ತಂದ ಚಿಕ್ಕಮ್ಮ ವಾಪಸು ಹೋಗಲು ಒಪ್ಪದೆ ಗಲಾಟೆಯಾದದ್ದನ್ನು ಹೇಳಿದರು. ಅದು ಮೂಲದಲ್ಲಿ ಇಲ್ಲವೇ ಇಲ್ಲ, ಆದರೆ ಮೂಲಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚಾಯಿತು, ಆಗಲೂ ಹೂಂ ಎಂದೆ. ಮನೆಗೆ ಬಂದು ಮರೆವಿನ ಕಾಯಿಲೆಯ ಬಗ್ಗೆ ಸಿಕ್ಕಸಿಕ್ಕ ವಿಡಿಯೋ ನೋಡಿದೆ. ಒಂದು ನೋಟ್‌ಬುಕ್ಕಿನಲ್ಲಿ ಅವರ ಲಕ್ಷಣಗಳನ್ನು ಬರೆದಿಟ್ಟೆ, ಆಂಟಿಗೆ ಮುಂದೆ ಸಹಾಯಕ್ಕೆ ಬರಲಿ ಎಂದು. ಫ್ಯಾಕ್ಟರಿಯಲ್ಲಿ ಒಂದು ದಿನ ಇದೇ ಚಿಂತೆಯಲ್ಲಿ ನಿಂತಿದ್ದಾಗ ಒಂದು ಇಡೀ ಟ್ರಾಲಿ ಡಬ್ಬಿಗಳ ಲೇಬಲ್ ತಲೆಕೆಳಗಾಗಿ ಹೋಗಿಬಿಟ್ಟವು. ಸೂಪರ್‌ವೈಸರ್ ನನ್ನನ್ನು ನೋಡಿದ ನೋಟ ಸುಶೀಲಾ ಆಂಟಿಯ ನೋಟದ ಹಾಗೇ ಇತ್ತು.

ಅಷ್ಟರಲ್ಲಿ ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಕೆಲಸ ಶುರುವಾಯಿತು. ಅದರ ಟೈಪಿಂಗ್ ಪೂರ್ತಿ ನನ್ನದೇ, ಯಾಕೆಂದರೆ ಕನ್ನಡ ಟೈಪಿಂಗ್ ಬರುತ್ತದೆ ಎಂದು ಒಂದು ಸಲ ಯಾರೂ ಕೇಳದೆ ನಾನೇ ಹೇಳಿಕೊಂಡಿದ್ದೆ. ವಿಮಲಾ ಆಂಟಿ ಫೋನ್ ಮಾಡಿದರು.

"ಡಾಕ್ಟ್ರು ಆ ನಿನ್ನ ದ್ವೀಪದ ಬಗ್ಗೆ ನಾಲ್ಕು ಪೇಜು ಬರೆದು ಕೊಟ್ಟಿದ್ದಾರೆ ಮಾರಾಯ. ನಾನು ಓದ್ಲಿಲ್ಲ, ಅವರ ಅಕ್ಷರ ನಂಗೆ ಆಗುದಿಲ್ಲ. ಕನ್ನಡವನ್ನೂ ಮದ್ದಿನ ಚೀಟಿ ಬರೆದ ಹಾಗೆ ಬರೀತಾರೆ."

"ಆಂಟಿ, ಅದನ್ನ ಹಾಕಲೇಬೇಕಾ?"

"ಹಾಕದೆ? ಪೇಜು ಖಾಲಿ ಬಿಡ್ಲಿಕ್ಕೆ ಆಗ್ತದಾ? ಸುಹಾಸಂಗೆ ಟೈಪಿಗೆ ಕೊಡ್ಬೇಡಿ ಅಂತ ಬೇರೆ ಹೇಳಿದ್ದಾರೆ. ನೀನಲ್ಲದೆ ಇಲ್ಲಿ ಯಾರುಂಟು? ಫೋಟೋ ತೆಗೆದು ಕಳಿಸಿದ್ದೇನೆ. ನಾಡಿದ್ದು ಪ್ರೆಸ್ಸಿಗೆ ಹೋಗ್ಬೇಕು."

ಸುಹಾಸ ಅಂದರೆ ನಾನೇ. ನನಗೆ ಕೊಡಬೇಡಿ ಎಂದಿದ್ದಾರೆ ಎಂದರೆ ಅರ್ಥ ಸ್ಪಷ್ಟ, ಎಲ್ಲೋ ಒಳಗೆ ಅವರಿಗೇ ಅನುಮಾನ ಹುಟ್ಟಿದೆ, ದ್ವೀಪ ಬಲ್ಲ ನನ್ನ ಕೈಯಲ್ಲಿ ಸಿಕ್ಕಿಬೀಳುವ ಭಯ. ಈ ಲೇಖನ ಅಚ್ಚಾದರೆ ಮುಗಿಯಿತು. ಸ್ಮರಣ ಸಂಚಿಕೆ ಮುನ್ನೂರು ಮನೆಗೆ ಹೋಗುತ್ತದೆ, ಮಕ್ಕಳು ಮೊಮ್ಮಕ್ಕಳು ಫೋನಿನಲ್ಲಿ ಹುಡುಕುತ್ತಾರೆ, ಬೀರು ಮೇಯರ್ ಅಂತ ಬರೆದರೆ ಮೊದಲು ಬರುವುದೇ ಆ ಧಾರಾವಾಹಿ. ಡಾಕ್ಟರ್ ನರಹರಿಯವರು ಮೂರು ತಿಂಗಳು ಟಿವಿಯೊಳಗೆ ಡ್ಯೂಟಿ ಮಾಡಿದ್ದರು ಎಂದು ಊರೆಲ್ಲ ನಗುತ್ತದೆ. ನನ್ನ ಲ್ಯಾಪ್‌ಟಾಪ್ ಕೆಟ್ಟಿತು ಎನ್ನಲೇ? ಕೈ ಉಳುಕಿದೆ ಎನ್ನಲೇ? ಮೊದಲು ಏನು ಬರೆದಿದ್ದಾರೆ ನೋಡೋಣ ಎಂದು ಫೋಟೋ ದೊಡ್ಡದು ಮಾಡಿ, ಒಂದೊಂದೇ ಪದ ಬಿಡಿಸಿಕೊಳ್ಳುತ್ತಾ ಟೈಪ್ ಮಾಡಲು ಕೂತೆ.

"ನಮ್ಮ ಬಳಗಕ್ಕೆ ಬರುವ ಒಬ್ಬ ತರುಣನ ಬಗ್ಗೆ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು ಹೇಳುವುದಿಲ್ಲ. ಜಾರ್ಜ್‌ಟೌನಿನಲ್ಲಿ ಒಬ್ಬನೇ ಇದ್ದಾನೆ." ಅರೆ, ಜಾರ್ಜ್‌ಟೌನಿನಲ್ಲಿ ಇನ್ನೊಬ್ಬ ಕನ್ನಡದ ಹುಡುಗ ಇದ್ದಾನಾ, ಪರಿಚಯ ಮಾಡಿಕೊಳ್ಳಬೇಕು ಎಂದು ಖುಷಿಯಾಯಿತು. "ಸೆಪ್ಟೆಂಬರಿನ ಬಿಸಿಲಿನಲ್ಲೂ ಕಿತ್ತಳೆ ಬಣ್ಣದ ಉಲ್ಲನ್ ಟೋಪಿ ಧರಿಸುತ್ತಾನೆ. ಅದರ ಮೇಲೆ ಫ್ರಿಜ್ಜಿನ ಚಿತ್ರವಿದೆ." ನನ್ನ ಬೆರಳು ಕೀಬೋರ್ಡಿನ ಮೇಲೇ ನಿಂತವು. "ಇಲ್ಲದ ಒಂದು ದ್ವೀಪದಲ್ಲಿ ತನ್ನ ಮನೆಯಿದೆ ಎಂದು ಈ ಹುಡುಗ ನಂಬಿದ್ದಾನೆ. ಅದನ್ನು ವರ್ಣಿಸುವಾಗ ಕೈ ನಡುಗುತ್ತದೆ. ನಾನು ಮೂವತ್ತೈದು ವರ್ಷ ಮನೋರೋಗಿಗಳ ನಡುವೆ ಕೆಲಸ ಮಾಡಿದವನು. ಅವನನ್ನು ನೋಡಿ ಜನ ನಗುವ ಮೊದಲು, ನ್ಯಾಯವಲ್ಲದಿದ್ದರೂ, ನಾನೂ ಹೋಗಿದ್ದೇನೆಂದು ಹೇಳಿದೆ. ಅವನ ವಿಶ್ವಾಸ ಗಳಿಸಲು ಬೇರೆ ದಾರಿ ಕಾಣಲಿಲ್ಲ. ನೂರರಿಂದ ಏಳು ಕಳೆಯುವಾಗ ತಡವರಿಸುತ್ತಾನೆ. ಊಟ ಮಾತ್ರ ಚೆನ್ನಾಗಿ ಮಾಡುತ್ತಾನೆ. ದೂರ ಬಂದು ಒಂಟಿಯಾಗಿರುವ ಇಂಥ ಮಕ್ಕಳನ್ನು ಕಂಡಾಗ ನಾವು ನಗಬಾರದು. ಮನೆಗೆ ಕರೆಯಬೇಕು."

ಮೊದಲು ಬಂದದ್ದು ಸಮಾಧಾನ: ಅಂಕಲ್ ತಲೆ ನೆಟ್ಟಗಿದೆ. ಹಿಂದೆಯೇ ಬಂದದ್ದು ಬೆವರು: ಕೆಟ್ಟಿರುವುದು ನನ್ನದು, ಅದೂ ತಜ್ಞರ ಅಭಿಪ್ರಾಯದಲ್ಲಿ. ಮುನ್ನೂರು ಮನೆಗೆ ಹೋಗುವ ಮಾನ ಈಗ ನನ್ನದಾಗಿತ್ತು. ನಾಲ್ಕು ಶನಿವಾರ ಸುಶೀಲಾ ಆಂಟಿ ಕಣ್ಣು ಒರೆಸಿಕೊಂಡದ್ದು ನನಗಾಗಿ!

ಮರುದಿನ ಶಿಫ್ಟ್ ಮುಗಿಸಿ ನೇರ ವುಡ್‌ಬ್ರಿಡ್ಜಿಗೆ ಹೋದೆ. ಟೋಪಿ ಬ್ಯಾಗಿನಲ್ಲಿತ್ತು. ಡಾಕ್ಟರ್ ಅಂಕಲ್ ಎದುರು ಕೂತು ಎಲ್ಲ ಹೇಳಿದೆ, ಧಾರಾವಾಹಿ, ಸಬ್‌ಟೈಟಲ್, ಕೂರದ ಕೇಬಲ್ಲು. ಅವರಿಗೆ ಮರೆವು ಎಂದುಕೊಂಡದ್ದನ್ನೂ ಹೇಳಿದೆ. ಅವರು ಬೆರಳುಗಳನ್ನು ಹೆಣೆದುಕೊಂಡು ಕೇಳಿದರು.

"ಅಂದ್ರೆ ಆ ದ್ವೀಪ ಇಲ್ಲ ಅಂತ ನಿನಗೆ ಗೊತ್ತು?"

"ಗೊತ್ತು ಅಂಕಲ್."

"ಮೊದಲಿಂದ್ಲೂ?"

"ಮೊದಲಿಂದ್ಲೂ."

"ಸುಶೀಲಾ!" ಎಂದು ಅವರು ಒಳಗೆ ಕೂಗಿದ ದನಿಗೆ ಕಿಟಕಿ ಅದುರಿತು. "ಹುಡುಗ ಸರಿ ಇದ್ದಾನೆ ಕಣೇ!"

ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. "ನಾನ್ ಹೇಳ್ಲಿಲ್ವಾ? ಮೂರು ಸಲ ಹುಳಿ ಹಾಕಿಸ್ಕೊಳ್ಳೋ ಹುಡುಗನಿಗೆ ಏನೂ ಆಗಿರಲ್ಲ ಅಂತ. ನೀವು, ನಿಮ್ಮ ಏಳು ಕಳಿಯೋ ಲೆಕ್ಕ!"

"ಲೆಕ್ಕದಲ್ಲಿ ಮಾತ್ರ ಅವನು ನಿಜವಾಗ್ಲೂ ವೀಕು" ಎಂದರು ಅಂಕಲ್. ಆಮೇಲೆ ಸ್ವಲ್ಪ ಸಂಕೋಚದಿಂದ ನನ್ನ ಕಡೆ ಬಗ್ಗಿದರು. "ಆ ಗೆದ್ದಲಿನ ವಿಷ್ಯ ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ಚಿಕ್ಕಮ್ಮನದೂ ಅಷ್ಟೇ. ಅಷ್ಟೆಲ್ಲ ಬೇಕಿರ್ಲಿಲ್ಲ. ಹೇಳ್ತಾ ಹೇಳ್ತಾ ನನಗೇ ಮಜಾ ಬಂದ್ಬಿಡ್ತು."

"ಗೆದ್ದಲು ಚೆನ್ನಾಗಿತ್ತು ಅಂಕಲ್" ಎಂದೆ, ಮನಸ್ಸಿನಿಂದಲೇ.

ಲೇಖನ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಅವರು ತಕ್ಷಣ ವಿಮಲಾ ಆಂಟಿಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ದನಿ ನನಗೂ ಕೇಳಿಸಿತು: "ಎಂತ ಡಾಕ್ಟ್ರೇ, ನಾಳೆ ಪ್ರೆಸ್ಸಿಗೆ, ಇವತ್ತು ವಾಪಸು ಕೊಡಿ ಅಂದ್ರೆ? ನಾಲ್ಕು ಪೇಜು ನಾನು ಎಲ್ಲಿಂದ ತರುದು? ಅಲಾಸ್ಕಾದ ಊಟದ ಫೋಟೋ ಹಾಕ್ಲಾ?" ಅಲಾಸ್ಕಾಕ್ಕಿಂತ ನಾನೇ ವಾಸಿ ಎನಿಸಿತು. ಇರಲಿ ಬಿಡಿ ಅಂಕಲ್, ಅದರಲ್ಲಿ ಕೊನೆಗೆ ಬರೆದ ಮಾತು ಇನ್ನೊಬ್ಬ ಹುಡುಗನಿಗಾದರೂ ಉಪಯೋಗಕ್ಕೆ ಬರಲಿ ಎಂದೆ. ಅಂಕಲ್ ಅಲ್ಲೇ ಕೂತು ಒಂದು ಪ್ಯಾರಾ ಸೇರಿಸಿದರು: ತಮ್ಮ ರೋಗನಿರ್ಣಯ ತಪ್ಪೆಂದು, ಹುಡುಗ ಆರೋಗ್ಯವಾಗಿದ್ದಾನೆಂದು, ಅದು ಬರಿಯ ಟಿವಿಯ ಹುಚ್ಚೆಂದು, ಆ ದ್ವೀಪ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿದೆಯೆಂದು.

ಮನೆಗೆ ಬಂದು ಪೂರ್ತಿ ಲೇಖನವನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಫ್ರಿಜ್ಜು ಎಂದಿದ್ದನ್ನೂ ತಿದ್ದಲಿಲ್ಲ. ಲೆಕ್ಕದಲ್ಲಿ ತಡವರಿಸಿದ್ದನ್ನೂ ಮುಚ್ಚಲಿಲ್ಲ. ಕಳಿಸುವ ಮುಂಚೆ ಕೊನೆಯ ಸಲ ಓದುವಾಗ ಮೂರನೇ ಪುಟದಲ್ಲಿ ಕಣ್ಣು ನಿಂತಿತು. "ಅವನು ಹೇಳುವಂತೆ ಆ ದ್ವೀಪಕ್ಕೆ ಮಂಗಳವಾರ ದೋಣಿ ಹೊರಡುತ್ತದೆ" ಎಂದು ಅಂಕಲ್ ಬರೆದಿದ್ದರು. ಬಿಡೋಣ ಎಂದು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಆಗಲಿಲ್ಲ. ಮುನ್ನೂರು ಮನೆಯವರು ತಪ್ಪು ತಿಳಿದುಕೊಳ್ಳುತ್ತಾರಲ್ಲ. ತಿದ್ದಿಯೇ ಕಳಿಸಿದೆ. ಮಂಗಳವಾರ ದೋಣಿ ಇಲ್ಲ ಸ್ವಾಮಿ, ಅವತ್ತು ಅದು ತನ್ನ ತಂಗಿಯ ಮನೆಗೆ ಹೋಗಿರುತ್ತದೆ. ಹೊರಡುವುದು ಗುರುವಾರ, ಬೆಳಿಗ್ಗೆ ಏಳೂಕಾಲಿಗೆ. ಸ್ವಲ್ಪ ಮುಂಚೆ ಹೋದರೆ ಕಿಟಕಿ ಪಕ್ಕ ಜಾಗ ಸಿಗುತ್ತದೆ.